ಬೋಲ್ಟಿಲ್ಲದ ನೆಲ

ಇಂಜಿನಿಯರರು ಇಂಜಿನಿಯರಿಂಗ್ ಓದಿದವರಲ್ಲ. ಓದಿದವರ ಪಕ್ಕದಲ್ಲಿ ಕೂತು ಬಂದವರೂ ಅಲ್ಲ. ಕುದುರೆ, ದನ, ಕುರಿಗಳನ್ನು ಸಾಗಿಸುವ ಅಲ್ಯೂಮಿನಿಯಂ ಟ್ರೈಲರುಗಳನ್ನು ಕಟ್ಟುವ ಒಂದು ಕಾರ್ಖಾನೆಯಲ್ಲಿ ಅವರು ಸಾಮಾನು ಕೋಣೆಯ ಉಸ್ತುವಾರಿ. ತಂತಿ ಜಾಲರಿಯ ಕಿಟಕಿಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಕೇಳಿದವರಿಗೆ ಕೇಳಿದ ಬೋಲ್ಟು, ರಿವೆಟ್ಟು, ರಬ್ಬರ್ ಪಟ್ಟಿ, ಚಿಲಕ ತೆಗೆದು ಕೊಡುವುದು ಅವರ ಕೆಲಸ. ಕೊಡುವಾಗ ಜೊತೆಗೊಂದು ಸಲಹೆಯನ್ನೂ ಸೇರಿಸಿ ಕೊಡುವುದು ಅವರ ಸ್ವಭಾವ. ಬೋಲ್ಟು ಉಪಯೋಗಕ್ಕೆ ಬರುತ್ತಿತ್ತು. ಸಲಹೆ ಕಿಟಕಿ ದಾಟಿದ ಕೂಡಲೇ ಕೆಳಗೆ ಬೀಳುತ್ತಿತ್ತು. ಬೆಸುಗೆ ಹಾಕುವವರು ತಮಾಷೆಗೆ ಅವರನ್ನು ‘ಇಂಜಿನಿಯರ್’ ಎಂದು ಕರೆದರು. ತಮಾಷೆ ಕಾರ್ಖಾನೆಯ ಗೇಟಿನ ಒಳಗೇ ಉಳಿಯಿತು, ಹೆಸರು ಮಾತ್ರ ಅವರ ಹಿಂದೆಯೇ ಮನೆಗೆ ನಡೆದು ಬಂತು. ಬೀದಿಯವರು ಹಾಗೇ ಕರೆದರು, ನೆಂಟರು ಕರೆದರು, ಹಾಲಿನವನೂ ಕರೆದ. ಯಾರನ್ನೂ ತಿದ್ದಿ ಮನಸ್ಸು ನೋಯಿಸುವ ಜಾಯಮಾನ ಅವರದಲ್ಲ. ನಾವೂ ಹಾಗೆಯೇ ಕರೆಯೋಣ; ನಮ್ಮ ಗಂಟೇನು ಹೋಗುತ್ತದೆ?

ಊಟವಾದ ಮೇಲೆ ನಾಲ್ಕು ಜನ ಕೂತಿದ್ದರೆ ಸಾಕು, ಇಂಜಿನಿಯರರು ಬೆಂಕಿಪೆಟ್ಟಿಗೆಯೊಂದನ್ನು ತರಿಸಿ ಮಗುಚಿ ಹಿಡಿದು ಪಾಠ ಶುರು ಮಾಡುತ್ತಿದ್ದರು. ಇದು ತಳ, ಇವು ಅಡ್ಡತೊಲೆ, ಇಲ್ಲಿ ಕಂಬ, ಮೇಲೆ ಕಮಾನು. ಕಬ್ಬಿಣ ಭಾರ ಹೊರುವುದೇನೋ ನಿಜ, ಆದರೆ ಅದು ಕುದುರೆಯ ಮೂತ್ರಕ್ಕೆ ಹೆದರುತ್ತದೆ; ಅಲ್ಯೂಮಿನಿಯಂ ಯಾರಪ್ಪನ ಮೂತ್ರಕ್ಕೂ ಹೆದರುವುದಿಲ್ಲ. ತಮ್ಮ ಗಾಡಿಯಲ್ಲಿ ಜೋಡಣೆ ಎಂಬುದೇ ಇಲ್ಲ, ಅದು ತಾಯಿ ಹೊಟ್ಟೆಯಿಂದ ಹುಟ್ಟಿದ ಹಾಗೆ ಒಂದೇ ಮೈ. ಹೀಗೆಲ್ಲ ಹೇಳುವಾಗ ‘ಅವರು ಕಟ್ಟುತ್ತಾರೆ’ ಎಂಬುದು ‘ನಾವು ಕಟ್ಟುತ್ತೇವೆ’ ಎಂದಾಗಿ, ಕೊನೆಕೊನೆಗೆ ‘ನಾನು ಕಟ್ಟಿದ್ದು’ ಎಂದು ಆಗಿಬಿಟ್ಟಿತ್ತು. ಅದು ಯಾವಾಗ ಹಾಗಾಯಿತೆಂದು ಅವರಿಗೇ ನೆನಪಿಲ್ಲ.

ಈ ಮಾತನ್ನು ನಂಬಿದವರಲ್ಲಿ ಅವರ ಹೆಂಡತಿಯೂ ಒಬ್ಬಳು. ತೊಂದರೆ ಹುಟ್ಟಿದ್ದು ಅಲ್ಲಿ.

ಆಕೆಯ ತಂದೆ ಕುದುರೆ ಗಾಡಿಯಲ್ಲಿ ಮನೆ ಮನೆಗೆ ಮಂಜುಗಡ್ಡೆ ಹಾಕಿ ಬದುಕಿದವರು. ಮಂಜುಗಡ್ಡೆಯ ಕಾಲ ಮುಗಿದ ಮೇಲೂ ಕುದುರೆಯನ್ನು ಬಿಡಲಿಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಊರ ಹೊರಗಿನ ಅವರ ಹಿತ್ತಿಲಿನಲ್ಲಿ ಆ ಮುದಿ ಹೆಣ್ಣುಕುದುರೆ ಒಂದೇ ಉಳಿಯಿತು. ಎಲ್ಲರೂ ಅದನ್ನು ‘ಮುದುಕಿ’ ಎಂದೇ ಕರೆಯುತ್ತಿದ್ದರು. ಈಗ ಮುದುಕಿಯ ಮುಂಗಾಲಿನ ಗೊರಸಿನೊಳಗೆ ಕೀವು ತುಂಬಿ ಕಾಲು ಊರಲಾಗುತ್ತಿರಲಿಲ್ಲ. ಪಶುವೈದ್ಯರು ಬಂದು ನೋಡಿ, ಕುದುರೆಯನ್ನು ಪಟ್ಟಿಯಲ್ಲಿ ಎತ್ತಿ ನಿಲ್ಲಿಸಿ ಗೊರಸು ಕೊಯ್ಯುವ ಸೌಕರ್ಯ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಮಾತ್ರ ಇದೆ, ಅಲ್ಲಿಗೆ ತಂದರೆ ಬದುಕುತ್ತದೆ ಎಂದರು. ನಡೆಸಿಕೊಂಡು ಹೋಗುವ ಮಾತೇ ಇಲ್ಲ. ಗಾಡಿ ಹತ್ತಿಸೋಣವೆಂದರೆ ಮುದುಕಿ ಹತ್ತುವ ಪೈಕಿಯಲ್ಲ. ಹಿಂದೊಮ್ಮೆ ಬಾಡಿಗೆಗೆ ತಂದ ಹಳೇ ಟ್ರೈಲರಿನ ಮರದ ನೆಲ ಕೊಳೆತು ಮುರಿದು, ಅದರ ಕಾಲು ತೊಡೆಯ ತನಕ ಕೆಳಗಿಳಿದುಬಿಟ್ಟಿತ್ತು. ಅಂದಿನಿಂದ, ಹೆಜ್ಜೆ ಇಟ್ಟರೆ ಟೊಳ್ಳು ಸದ್ದು ಮಾಡುವ ಯಾವುದರ ಮೇಲೂ ಅದು ಕಾಲಿಟ್ಟದ್ದಿಲ್ಲ.

ಹೆಂಡತಿಯ ಅಣ್ಣ ನಿವೃತ್ತ ಡ್ರಿಲ್ ಮಾಸ್ತರರು. ಶಾಲೆ ಅವರನ್ನು ಬಿಟ್ಟರೂ ಅವರು ಸೀಟಿಯನ್ನು ಬಿಟ್ಟಿರಲಿಲ್ಲ. ಅದು ಕೊರಳಲ್ಲೇ ಇರುತ್ತಿತ್ತು. ಕೆಟ್ಟ ಮನುಷ್ಯರಲ್ಲ, ಆದರೆ ಯಾವ ವಿಷಯವನ್ನಾದರೂ ಎಡ ಬಲ ಮಾಡಿ ನಿಲ್ಲಿಸಿ ಮುಗಿಸಿಬಿಡುವ ಅವಸರ. ಮುದಿ ಪ್ರಾಣಿಯನ್ನು ನರಳಿಸುವುದು ಬೇಡ, ಡಾಕ್ಟರಿಂದ ಒಂದು ಸೂಜಿ ಹಾಕಿಸಿ ಸುಖವಾಗಿ ಕಳಿಸಿಬಿಡೋಣ ಎಂದು ಅವರ ತೀರ್ಮಾನ. ತಂಗಿ ಒಪ್ಪಲಿಲ್ಲ.

“ಅಪ್ಪ ಹೋದ ಮೇಲೆ ಆ ಮನೇಲಿ ನನ್ನ ಹೆಜ್ಜೆ ಸಪ್ಪಳ ಕೇಳಿ ಕಿವಿ ನಿಮಿರಿಸೋದು ಅದೊಂದೇ ಜೀವ ಅಣ್ಣ. ನಮ್ಮ ಮನೆಯವರು ಗಾಡಿ ಕಟ್ಟೋರು. ಅವರ ಗಾಡೀಲೇ ಕರ್ಕೊಂಡು ಹೋಗ್ತೀನಿ.”

ಇಂಜಿನಿಯರರು ಆ ಹೊತ್ತಿನಲ್ಲಿ ತಲೆ ಅಲ್ಲಾಡಿಸಿದರು. ಉದ್ದಕ್ಕೋ ಅಡ್ಡಕ್ಕೋ ಎಂಬುದು ನೋಡಿದವರಿಗೆ ಸ್ಪಷ್ಟವಾಗಲಿಲ್ಲ.

ಡ್ರಿಲ್ ಮಾಸ್ತರರು ಒಂದು ಷರತ್ತು ಹಾಕಿದರು. ಆ ಗಾಡಿಯ ನೆಲ ಭಾರ ತಡೆಯುತ್ತದೆಂದು ಮೊದಲು ತಮಗೆ ಕಣ್ಣಾರೆ ತೋರಿಸಬೇಕು. ತಡೆದರೆ ಆಸ್ಪತ್ರೆ, ನೆಲದ ಮೇಲೆ ಎಳ್ಳಷ್ಟು ಅನುಮಾನ ಬಂದರೂ ಅದೇ ದಿನ, ಅದೇ ಹಿತ್ತಿಲಿನಲ್ಲಿ ಸೂಜಿ. ಡಾಕ್ಟರಿಗೆ ಎರಡಕ್ಕೂ ಸಿದ್ಧವಾಗಿ ಬನ್ನಿ ಎಂದು ಹೇಳಿಯೂ ಬಿಟ್ಟರು.

ಕಾರ್ಖಾನೆಯ ಯಜಮಾನರು ಒಳ್ಳೆಯವರು. ಹೊಸದಾಗಿ ಮುಗಿದ ಎರಡು ಕುದುರೆ ಹಿಡಿಯುವ ಗಾಡಿಯೊಂದನ್ನು ಕೊಳ್ಳುವವರಿಗೆ ಒಪ್ಪಿಸುವ ಮೊದಲು ಭಾರ ತುಂಬಿ ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡುವುದು ಅಲ್ಲಿನ ಪದ್ಧತಿ. ಭಾನುವಾರ ಮರಳು ಚೀಲ ತುಂಬಿ ಆ ಓಟ ಮುಗಿಸಿ, ಹಾಗೇ ಹಿತ್ತಿಲಿಗೆ ಹೋಗಿ ಕುದುರೆಯನ್ನು ಆಸ್ಪತ್ರೆಗೆ ಬಿಟ್ಟು ಬರಲಿ ಎಂದು ಅವರು ಚಾಲಕನಿಗೆ ಅಪ್ಪಣೆ ಕೊಟ್ಟರು. ಹಿಂಬಾಗಿಲು ಹಾಕಿದ್ದರೆ ಭಾರ ತುಂಬಿದೆ ಎಂದು ಅರ್ಥ, ಹೊರಡು ಎಂದರು. ಚಾಲಕ ಸರಿ ಎಂದ. ಹಿಂದೆ ಏನಿದೆ ಎಂದು ನೋಡುವುದು ತನ್ನ ಕೆಲಸವಲ್ಲವೆಂದು ಆತ ವೃತ್ತಿಗೆ ಬಂದ ದಿನವೇ ನಿರ್ಧರಿಸಿದ್ದ.

ಭಾನುವಾರ ಬೆಳಿಗ್ಗೆ ಕಾರ್ಖಾನೆಗೆ ರಜೆ. ಯಂತ್ರಗಳ ಮೇಲೆ ಬಟ್ಟೆ ಹೊದಿಸಿತ್ತು. ಅಂಗಳದ ನಡುವೆ ಲಾರಿಯ ಬಾಲಕ್ಕೆ ಸಿಕ್ಕಿಸಿದ ಟ್ರೈಲರು ತೊಳೆದ ಪಾತ್ರೆಯಂತೆ ಹೊಳೆಯುತ್ತಿತ್ತು. ಡ್ರಿಲ್ ಮಾಸ್ತರರು ಮರಳು ಚೀಲಗಳ ರಾಶಿಯನ್ನು ಕಾಲಿನಿಂದ ಒಮ್ಮೆ ತಿವಿದು ಮೂಗು ಮುರಿದರು.

“ಮರಳು ಹಾಕಿದ ಕಡೆ ತೆಪ್ಪಗೆ ಬಿದ್ದಿರುತ್ತೆ ಕಣಯ್ಯಾ. ಕುದುರೆ ಹಂಗೆ ಬಿದ್ದಿರುತ್ತಾ? ಜೀವ ಇರೋ ಭಾರ ಹಾಕು, ನೋಡೋಣ.”

ಜೀವ ಇರುವ ಭಾರ ಅಲ್ಲೇ ಇತ್ತು. ಇಂಜಿನಿಯರರು ತಮ್ಮ ಗಾಡಿಯನ್ನು ನೋಡಿ ಕಣ್ಣು ತುಂಬಿಕೊಳ್ಳಿರೆಂದು ಬೀದಿಯವರನ್ನೂ ನೆಂಟರನ್ನೂ ಕರೆದಿದ್ದರು. ಒಂದು ಕುದುರೆಗೆ ಇಷ್ಟು ಜನ ಎಂದು ಲೆಕ್ಕ ಹಾಕಿ ಹತ್ತಿಸತೊಡಗಿದರು. ಮೂಲೆ ಅಂಗಡಿಯ ಬೇಕರಿಯವರನ್ನು ಇಬ್ಬರ ಲೆಕ್ಕಕ್ಕೆ ಹಿಡಿದದ್ದರಿಂದ ಅವರಿಗೆ ಸ್ವಲ್ಪ ಬೇಸರವಾಯಿತು. ಮಹಡಿ ಮನೆಯ ಕೋರ್ಟು ಗುಮಾಸ್ತರು ಹತ್ತುವ ಮೊದಲು, ತಾವು ಇಲ್ಲಿ ಸಾಕ್ಷಿಯಾಗಿ ನಿಲ್ಲುವುದೋ ಭಾರವಾಗಿ ನಿಲ್ಲುವುದೋ ಎಂಬುದನ್ನು ಸ್ಪಷ್ಟಪಡಿಸಬೇಕೆಂದು ಕೇಳಿದರು. ಹೆಂಡತಿಯ ದೊಡ್ಡಮ್ಮ ಹಕ್ಕಿಯಷ್ಟು ಹಗುರ. ಅವರಿಂದ ಪರೀಕ್ಷೆಗೆ ಏನೂ ಸಹಾಯವಾಗುವಂತಿರಲಿಲ್ಲ. ಆದರೆ ಎಲ್ಲರೂ ಹೋಗುವ ಕಡೆ ತಾವು ಹೋಗದಿರುವುದು ಅವರ ಅಭ್ಯಾಸವಲ್ಲ. ತೂಕ ಶುದ್ಧವಾಗಿರಬೇಕೆಂದು ಡ್ರಿಲ್ ಮಾಸ್ತರರು ಎಲ್ಲರ ಚೀಲ, ಚಪ್ಪಲಿ, ಫೋನುಗಳನ್ನು ಅಂಗಳದ ಮೇಜಿನ ಮೇಲೆ ಇಡಿಸಿ, ಸೀಟಿ ಊದಿ, ಎತ್ತರದ ಪ್ರಕಾರ ಸಾಲಾಗಿ ಒಳಗೆ ನಡೆಸಿದರು. ನಡುವಿನ ತಡಿಕೆಯ ಆ ಕಡೆ ಅರ್ಧ, ಈ ಕಡೆ ಅರ್ಧ. ತಾವು ಗೋದಲಿಯ ಪಕ್ಕದಲ್ಲಿ, ಮುಂದುಗಡೆ ನಿಂತರು.

ಕೊನೆಗೆ ಹತ್ತಿದವರು ಇಂಜಿನಿಯರರು. ನೆಲದ ಬಗ್ಗೆ ಹೇಳಿದ್ದಾಯಿತು, ಗೋಡೆಯ ಬಗ್ಗೆ ಹೇಳಿದ್ದಾಯಿತು. ಚಿಲಕದ ಬಗ್ಗೆ ಹೇಳದಿದ್ದರೆ ಚಿಲಕಕ್ಕೆ ಅನ್ಯಾಯವಾಗುತ್ತದೆಂದು, ಎಷ್ಟೇ ಬಲವಾಗಿ ಒದ್ದರೂ ತೆರೆಯದ ಚಿಲಕ ಇದು ಎಂದು ಬಾಗಿಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದು ತೃಪ್ತಿಯ ಒಂದು ಸದ್ದು ಮಾಡಿ ಕೂತುಕೊಂಡಿತು.

ಆಮೇಲೆ ಕೋರ್ಟು ಗುಮಾಸ್ತರು, ಒಳಗಿನಿಂದ ಇದನ್ನು ತೆಗೆಯುವ ಕ್ರಮ ಹೇಗೆ ಎಂದು ವಿನಯದಿಂದ ಕೇಳಿದರು.

“ಕುದುರೆಗೆ ಒಳಗಿಂದ ತೆಗೆಯೋ ಅವಶ್ಯಕತೆ ಬರೋದಿಲ್ಲ ಸ್ವಾಮಿ,” ಎಂದರು ಇಂಜಿನಿಯರರು. ಹೇಳಿ ಮುಗಿಸುವುದರೊಳಗೆ ಅವರ ಮುಖ ಬಿಳಿಚಿತು.

ಅದೇ ಹೊತ್ತಿಗೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಮುಗಿಸಿದ ಚಾಲಕ ಬಾಯಿ ಒರೆಸಿಕೊಳ್ಳುತ್ತ ಬಂದು, ಹಿಂಬಾಗಿಲು ಹಾಕಿರುವುದನ್ನು ದೂರದಿಂದಲೇ ನೋಡಿ, ಲಾರಿ ಹತ್ತಿ, ಹಾಡು ಹಾಕಿಕೊಂಡು ಹೊರಟುಬಿಟ್ಟ.

ಕೂಗಿದರು, ಬಡಿದರು. ಡ್ರಿಲ್ ಮಾಸ್ತರರು ಉಸಿರಿರುವ ತನಕ ಸೀಟಿ ಊದಿದರು. ಚಾಲಕ ಕನ್ನಡಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಮರಳಿನ ಬದಲು ಯಾವುದೋ ಕುದುರೆಯನ್ನೇ ಹತ್ತಿಸಿದ್ದಾರೆ, ಅದು ಒದೆಯುತ್ತಿದೆ ಎಂದುಕೊಂಡು, ಅದಕ್ಕೆ ಸಮಾಧಾನವಾಗಲಿ ಎಂದು ಹಾಡಿನ ಸದ್ದನ್ನು ಇನ್ನಷ್ಟು ಏರಿಸಿದ. ರಸ್ತೆಯಲ್ಲಿ ಹೋಗುವವರ ಪಾಡು ಬೇರೆ. ಕುದುರೆಯ ತಲೆಯ ಎತ್ತರಕ್ಕೆ ಇಟ್ಟಿದ್ದ ಗಾಳಿಕಿಂಡಿಯಲ್ಲಿ ಬೇಕರಿಯವರ ದುಂಡು ಮುಖ ತುಂಬಿಕೊಂಡಿತ್ತು. ಸೈಕಲ್ಲಿನ ಮೇಲೆ ಬರುತ್ತಿದ್ದವರೊಬ್ಬರು ಆ ಮುಖವನ್ನು ನೋಡಿದರು, ಆ ಮುಖ ಅವರನ್ನು ಹೆಸರು ಹಿಡಿದು ಕರೆಯಿತು, ಏಕೆಂದರೆ ಅವರು ದಿನಾ ಬ್ರೆಡ್ಡು ಕೊಳ್ಳುವವರು. ಪಾಪ, ಅವರು ಸೈಕಲ್ಲಿನ ಸಮೇತ ಚರಂಡಿಯ ಪಕ್ಕದಲ್ಲಿ ಕೂತುಬಿಟ್ಟರು.

ಕೆಟ್ಟ ರಸ್ತೆ ಬಂತು. ಒಂದು ತಿರುವಿನಲ್ಲಿ ಗಾಡಿ ವಾಲಿದಾಗ ನೆಲದ ರಬ್ಬರ್ ಹಾಸು ಒಂದು ಮೂಲೆಯಲ್ಲಿ ಮಡಚಿಕೊಂಡು ಕೆಳಗಿನ ನೆಲ ಕಾಣಿಸಿತು. ಅಲ್ಯೂಮಿನಿಯಂ ಪಟ್ಟಿಗಳು ಒಂದರ ತುಟಿಯನ್ನು ಇನ್ನೊಂದು ಕಚ್ಚಿಕೊಂಡು ಉದ್ದಕ್ಕೆ ಮಲಗಿದ್ದವು. ಇಂಜಿನಿಯರರು ಅವನ್ನು ಹೆಮ್ಮೆಯಿಂದ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಏನೋ ಕಡಿಮೆಯಾದಂತೆ ಅನಿಸಿತು. ಬಗ್ಗಿ ಕೈಯಾಡಿಸಿದರು. ಒಂದು ಬೋಲ್ಟಿನ ತಲೆಯಾದರೂ ಕೈಗೆ ಸಿಗಲಿಲ್ಲ.

ನೆಲದ ಬೋಲ್ಟುಗಳನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ದಪ್ಪ ತಲೆಯ ಬೋಲ್ಟುಗಳು, ಕೆಳಗಿನ ಕಪಾಟಿನಲ್ಲಿ ಪೆಟ್ಟಿಗೆ ತುಂಬ ಇವೆ. ಈ ಗಾಡಿ ಕಟ್ಟುವಾಗ ಅವನ್ನು ಕೇಳಿಕೊಂಡು ಕಿಟಕಿಗೆ ಯಾರು ಬಂದಿದ್ದರು? ಯಾರೂ ಬರಲಿಲ್ಲ. ಪೆಟ್ಟಿಗೆಯ ಬಾಯಿ ಒಡೆದೇ ಇಲ್ಲ. ಅಂದರೆ ನೆಲವನ್ನು ಸುಮ್ಮನೆ ಹಾಸಿದ್ದಾರೆ, ಬಿಗಿದಿಲ್ಲ. ಆ ವಿಚಾರ ತಲೆಗೆ ಬಂದ ಕ್ಷಣಕ್ಕೇ ಅವರ ಹಿಮ್ಮಡಿಯ ಹತ್ತಿರ ಏನೋ ಟಕ್ಕೆಂದಿತು. ತಡಿಕೆಯ ಕೊಂಡಿ ಅಲ್ಲಾಡಿದ್ದು ಅದು; ಆದರೆ ಎದೆ ಧಸಕ್ಕೆಂದವರಿಗೆ ಕೊಂಡಿ ಕೇಳಿಸುವುದಿಲ್ಲ, ನೆಲವೇ ಕೇಳಿಸುತ್ತದೆ. ಅವರು ಒಂದು ಕಾಲನ್ನು ಮೆಲ್ಲಗೆ ಎತ್ತಿದರು. ಇನ್ನೊಂದನ್ನೂ ಎತ್ತುವುದು ಹೇಗೆಂದು ತಿಳಿಯದೆ ಕೊಕ್ಕರೆಯಂತೆ ನಿಂತರು.

ಇಂಥ ಸುದ್ದಿಯನ್ನು ಎಲ್ಲರಿಗೂ ಹೇಳಿ ಗಾಬರಿಪಡಿಸಬಾರದು. ಗುಟ್ಟು ಕಾಪಾಡುವವರು ಯಾರೆಂದು ಯೋಚಿಸಿ, ಕೋರ್ಟು ಗುಮಾಸ್ತರ ಕಿವಿಯಲ್ಲಿ ಮಾತ್ರ ಹೇಳಿದರು. ಗುಮಾಸ್ತರು ಮಾನವೀಯ ದೃಷ್ಟಿಯಿಂದ ಬೇಕರಿಯವರಿಗೆ ಮಾತ್ರ ಹೇಳಿದರು, ಏಕೆಂದರೆ ಅಪಾಯ ಅವರಿಗೇ ಹೆಚ್ಚು. ಬೇಕರಿಯವರು ಯಾರಿಗೂ ಹೇಳಲಿಲ್ಲ. ಸುಮ್ಮನೆ ಎರಡೂ ಕೈಗಳಿಂದ ಮೇಲಿನ ಕಂಬಿಯನ್ನು ಹಿಡಿದು ಕಾಲು ಮಡಚಿ ನೇತಾಡತೊಡಗಿದರು. ಬೇಕರಿಯವರು ನೇತಾಡುವುದನ್ನು ನೋಡಿದ ಮೇಲೆ ಇನ್ನೊಬ್ಬರಿಗೆ ಹೇಳಬೇಕಾದದ್ದೇನೂ ಉಳಿಯುವುದಿಲ್ಲ.

ಗಾಡಿಯೊಳಗೆ ಹಾಹಾಕಾರವಾಯಿತು. ಆಗ ಇಂಜಿನಿಯರರು ತಮ್ಮ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಚಕ್ರದ ಮೇಲಿನ ಉಬ್ಬುಗಳು ಗಟ್ಟಿ, ಗೋಡೆಯ ಕಂಬಗಳು ಗಟ್ಟಿ, ಗೋದಲಿ ಪರವಾಗಿಲ್ಲ, ನೆಲವನ್ನು ಮಾತ್ರ ಯಾರೂ ಮುಟ್ಟಬೇಡಿ ಎಂದರು. ಡ್ರಿಲ್ ಮಾಸ್ತರರು ಸೀಟಿ ಊದಿ ಅದನ್ನೇ ಆಜ್ಞೆಯಾಗಿ ಹೊರಡಿಸಿದರು. ಕುದುರೆ ಕಟ್ಟುವ ಬಳೆಗಳಿಗೆ ಮನುಷ್ಯರು ಜೋತುಬಿದ್ದರು. ಉಬ್ಬುಗಳ ಮೇಲೆ ಮೂರು ಮೂರು ಜನ ಒಬ್ಬರನ್ನೊಬ್ಬರು ತಬ್ಬಿ ನಿಂತರು. ಅವರಲ್ಲಿ ಇಬ್ಬರು ಕಾಂಪೌಂಡಿನ ಜಗಳದಿಂದ ವರ್ಷಗಳಿಂದ ಮಾತು ಬಿಟ್ಟವರು. ಡ್ರಿಲ್ ಮಾಸ್ತರರು ಗೋದಲಿಯೊಳಗೆ ಮೊಣಕಾಲು ಮಡಚಿ ಕೂತರು.

ದೊಡ್ಡಮ್ಮ ಒಬ್ಬರು ಕದಲಲಿಲ್ಲ. ಎಲ್ಲರೂ ಖಾಲಿ ಮಾಡಿದ ನೆಲದ ನಟ್ಟನಡುವೆ ಕಾಲು ಮಡಚಿ ಆರಾಮವಾಗಿ ಕೂತುಕೊಂಡರು.

“ದೊಡ್ಡಮ್ಮಾ, ನೆಲ ಬೀಳುತ್ತೆ, ಮೇಲೆ ಬನ್ನಿ,” ಎಂದು ಇಂಜಿನಿಯರರು ಅಂಗಲಾಚಿದರು.

“ಬಿದ್ರೆ ಹಿಡ್ಕೊಳ್ಳೋನು ಒಬ್ಬ ಇದಾನೆ ಅಳಿಯಂದ್ರೇ. ಈ ವಯಸ್ಸಲ್ಲಿ ನಾನು ಬಾವಲಿ ಥರ ನೇತಾಡೋಳಲ್ಲ,” ಎಂದು ಅವರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಳ್ಳತೊಡಗಿದರು.

ಊರ ಗಡಿಯಲ್ಲಿ ಜಾನುವಾರು ತಪಾಸಣೆಯ ಠಾಣೆ. ರಸ್ತೆಗೆ ಅಡ್ಡ ಒಂದು ಕಂಬ, ಪಕ್ಕದಲ್ಲಿ ಒಂದು ಗೂಡು, ಗೂಡಿನಲ್ಲಿ ಒಬ್ಬ ತಪಾಸಣಾಧಿಕಾರಿ. ಅವರು ಲಾರಿ ನಿಲ್ಲಿಸಿ, ಹಿಂದೆ ಏನು ಎಂದು ಕೇಳಿದರು. ಕುದುರೆ ಇರಬೇಕು, ಬಹಳ ಒದೆಯುತ್ತಿದೆ ಎಂದ ಚಾಲಕ. ಅಧಿಕಾರಿ ಟಾರ್ಚು ತಂದು, ಗಾಳಿಕಿಂಡಿಗೆ ಕಣ್ಣಿಟ್ಟು ಬೆಳಕು ಬಿಟ್ಟರು.

ಸರಕಾರಿ ನೌಕರಿಯಲ್ಲಿ ಅವರು ಆನೆ ನೋಡಿದ್ದರು, ಒಂಟೆ ನೋಡಿದ್ದರು, ಒಮ್ಮೆ ಎರಡು ತಲೆಯ ಕರು ನೋಡಿದ್ದರು. ಇಂಥ ಹೇರನ್ನು ನೋಡಿರಲಿಲ್ಲ. ಗೋಡೆಯ ತುಂಬ ಮನುಷ್ಯರು ಅಂಟಿಕೊಂಡಿದ್ದರು, ಗೋದಲಿಯಲ್ಲಿ ಸೀಟಿ ಕಟ್ಟಿಕೊಂಡ ಗಂಡಸೊಬ್ಬರು ಮೇವಿನ ಜಾಗದಲ್ಲಿ ಕೂತಿದ್ದರು, ಖಾಲಿ ನೆಲದ ನಡುವೆ ಅಜ್ಜಿಯೊಬ್ಬರು ತುಟಿ ಅಲ್ಲಾಡಿಸುತ್ತಿದ್ದರು. ಟಾರ್ಚು ಕೆಳಗೆ ಬಿತ್ತು. ಅದನ್ನು ಎತ್ತಿಕೊಂಡು ಮತ್ತೆ ನೋಡುವಷ್ಟರಲ್ಲಿ ಅಧಿಕಾರಿಗೆ ಅಧಿಕಾರ ವಾಪಸು ಬಂದಿತ್ತು.

ಒಳಗಿನಿಂದ ಡ್ರಿಲ್ ಮಾಸ್ತರರು, ಬಾಗಿಲು ತೆಗೆಯಿರಿ, ನಾವು ಮನುಷ್ಯರು ಎಂದರು.

“ಅದು ನೀವು ಹೇಳೋದು,” ಎಂದರು ಅಧಿಕಾರಿ. “ಪ್ರಾಣಿಗಳಾದ್ರೆ ಇಳಿಸೋಕೆ ಡಾಕ್ಟ್ರು ಬರಬೇಕು. ಮನುಷ್ಯರಾದ್ರೆ ನಮ್ಮ ಇಲಾಖೆಗೆ ಸೇರೋದಿಲ್ಲ. ಎರಡರಲ್ಲಿ ಯಾವುದಾದ್ರೂ ನಾನು ಬಾಗಿಲು ತೆಗೆಯೋ ಹಾಗಿಲ್ಲ.”

ಕಾನೂನಿನ ಪ್ರಕಾರ ಅವರು ಹೇಳುವುದು ಸರಿಯಾಗಿದೆ ಎಂದು ಒಳಗಿನಿಂದ ಕೋರ್ಟು ಗುಮಾಸ್ತರು ಒಪ್ಪಿಗೆ ಸೂಚಿಸಿದರು. ಪಕ್ಕದಲ್ಲಿ ನೇತಾಡುತ್ತಿದ್ದವರು ಅವರನ್ನು ಕಾಲಿನಿಂದ ಒದ್ದರು. ಆ ಒದೆತದಿಂದಲೇ ಅಧಿಕಾರಿಯ ಗಮನ ಕಾಲುಗಳ ಕಡೆಗೆ ಹರಿಯಿತು.

“ಅದ್ಯಾಕೆ ಯಾರೂ ಕಾಲು ನೆಲಕ್ಕೆ ಊರ್ತಿಲ್ಲ?”

ಊರಿದರೆ ಅಪಾಯ ಎಂದರು ಇಂಜಿನಿಯರರು. ಅಧಿಕಾರಿ ನಿಧಾನವಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಕಾಲು ಊರುವುದಿಲ್ಲ; ಬೇಕರಿಯವರ ಬಾಯಿ ತೆರೆದೇ ಇದೆ; ಕೂತಿರುವ ಅಜ್ಜಿಯ ತುಟಿ ಬಿಡುವಿಲ್ಲದೆ ಅಲ್ಲಾಡುತ್ತಿದೆ. ಕಾಲುಬಾಯಿ ಜ್ವರದ ಲಕ್ಷಣಗಳನ್ನು ಬಣ್ಣದ ಚಿತ್ರಗಳೊಡನೆ ಅಚ್ಚು ಹಾಕಿಸಿ ಅವರ ಗೂಡಿನಲ್ಲೇ ತೂಗುಹಾಕಿತ್ತು. ಆ ಚಿತ್ರಗಳಲ್ಲಿ ಇದ್ದದ್ದು ದನಗಳು ಎಂಬುದು ಬೇರೆ ಮಾತು. ನಿಯಮದಲ್ಲಿ ‘ಹೇರು’ ಎಂದಷ್ಟೇ ಇತ್ತು. ಸಂಶಯ ಬಂದ ಹೇರನ್ನು ದಾರಿಯಲ್ಲಿ ಇಳಿಸಕೂಡದು. ಬಾಗಿಲಿಗೆ ಮೊಹರು ಹಾಕಿ, ಔಷಧಿ ಸಿಂಪಡಿಸಿ, ಸೇರಬೇಕಾದ ಜಾಗಕ್ಕೆ ನೇರವಾಗಿ ಕಳಿಸಬೇಕು. ಮೊಹರನ್ನು ಒಡೆಯುವ ಅಧಿಕಾರ ಡಾಕ್ಟರಿಗೆ ಮಾತ್ರ.

ಆ ಮನುಷ್ಯ ಕರ್ತವ್ಯದಲ್ಲಿ ಜಿಪುಣನಲ್ಲ. ಚಕ್ರಕ್ಕೆ ಸಿಂಪಡಿಸಿದರು, ಗೋಡೆಗೆ ಸಿಂಪಡಿಸಿದರು, ಉಳಿದದ್ದನ್ನು ಗಾಳಿಕಿಂಡಿಯೊಳಗೆ ಎರಚಿದರು. ಹಿಂದೆ ಮನುಷ್ಯರಿದ್ದಾರೆಂದು ಆಗಷ್ಟೇ ತಿಳಿದ ಚಾಲಕ ಬೆವರು ಒರೆಸಿಕೊಂಡು ಕಿಂಡಿಯ ಹತ್ತಿರ ಬಂದು, ತನ್ನದೇನೂ ತಪ್ಪಿಲ್ಲ ಎಂದು ಎಲ್ಲರಿಗೂ ಪ್ರತ್ಯೇಕವಾಗಿ ಹೇಳಿದ. ಮೊಹರು ಒಡೆದರೆ ಲೈಸೆನ್ಸು ಹೋಗುತ್ತದೆ ಎಂದು ಅಧಿಕಾರಿ ಅವನಿಗೂ ಪ್ರತ್ಯೇಕವಾಗಿ ಹೇಳಿದರು. ಲಾರಿ ಮುಂದೆ ಹೊರಟಿತು. ಈ ಸಲ ಹಾಡಿರಲಿಲ್ಲ.

ಹಿತ್ತಿಲಿನಲ್ಲಿ ಇಂಜಿನಿಯರರ ಹೆಂಡತಿ ಬೆಳಗಿನಿಂದ ಕಾಯುತ್ತಿದ್ದಳು. ಮುದುಕಿಯ ಮೈ ಉಜ್ಜಿ, ಕೂದಲು ಬಾಚಿ, ನೋವಿನ ಕಾಲಿಗೆ ಅಪ್ಪನ ಹಳೆಯ ಕಂಬಳಿಯ ತುಂಡು ಸುತ್ತಿದ್ದಳು. ಕುದುರೆ ಮೂರು ಕಾಲಿನ ಮೇಲೆ ನಿಂತು ಅವಳ ಹೆಗಲಿಗೆ ಗದ್ದ ಊರಿತ್ತು. ಡಾಕ್ಟರು ಮರದ ಕೆಳಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಚೀಲದ ಕಡೆಗೆ ಆಕೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಔಷಧಿಯ ಘಾಟು ಹೊತ್ತ ಗಾಡಿ ಬಂದು ನಿಂತಿತು. ಡಾಕ್ಟರು ಮೊಹರು ನೋಡಿ ಹುಬ್ಬೇರಿಸಿ ಒಡೆದರು, ಬಾಗಿಲು ತೆರೆಯಿತು, ಇಳಿಜಾರು ಹಲಗೆ ಕೆಳಗೆ ಬಂತು. ಒಬ್ಬೊಬ್ಬರಾಗಿ ಕಣ್ಣೀರು ಸುರಿಸುತ್ತ, ಸೀನುತ್ತ, ಬರಿಗಾಲಿನಲ್ಲಿ ನೆಂಟರು ಮತ್ತು ನೆರೆಯವರು ಇಳಿದರು. ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಲೇ ಇದ್ದಳು. ಕುದುರೆಯೂ ನೋಡುತ್ತಿತ್ತು. ಎರಡು ಕುದುರೆ ಹಿಡಿಯುವ ಗಾಡಿಯಿಂದ ಇಷ್ಟು ಜನ ಇಳಿಯಬಹುದೆಂದು ಅವರಿಬ್ಬರಿಗೂ ಅಂದಾಜಿರಲಿಲ್ಲ.

ಡ್ರಿಲ್ ಮಾಸ್ತರರು ಇಳಿದವರೇ ನೆಟ್ಟಗೆ ನಿಂತು ತೀರ್ಪು ಕೊಟ್ಟರು. ನೆಲ ಬಿಗಿದಿಲ್ಲ, ಒಂದೇ ಒಂದು ಬೋಲ್ಟಿಲ್ಲ, ಹಾಗೆಂದು ಇಂಜಿನಿಯರರೇ ಬಾಯಿಬಿಟ್ಟು ಹೇಳಿದ್ದಾರೆ. ಮನುಷ್ಯರು ಜೋತುಬಿದ್ದು ಬದುಕಿದರು, ಕುದುರೆ ಜೋತುಬೀಳಲಾರದು.

“ಮಾತು ಮಾತೇ ತಂಗೀ. ಡಾಕ್ಟ್ರೇ, ನಿಮ್ಮ ಚೀಲ ತೆಗೀರಿ.”

ಡಾಕ್ಟರು ಚೀಲದ ಮೇಲೆ ಕೈಯಿಟ್ಟರು. ಹೆಂಡತಿ ಗಾಡಿಯ ಬಾಗಿಲಿಗೆ ಬಂದಳು. ಒಳಗೆ ಇಂಜಿನಿಯರರೊಬ್ಬರು ಉಳಿದಿದ್ದರು. ಚಕ್ರದ ಉಬ್ಬಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಂಬಿಯನ್ನು ಅಪ್ಪಿಕೊಂಡಿದ್ದರು.

“ರೀ, ಅಣ್ಣ ಹೇಳೋದು ನಿಜವಾ?”

ಹೌದು ಎಂದರೆ ಮುದುಕಿಯ ಕಥೆ ಮುಗಿಯುತ್ತದೆ. ಇಲ್ಲ ಎಂದರೆ, ನೆಲ ಒಡೆದು ಆ ಕಾಲು ಮತ್ತೊಮ್ಮೆ ಕೆಳಗಿಳಿದರೆ, ಆಮೇಲೆ ಹೆಂಡತಿಯ ಮುಖ ನೋಡುವುದು ಹೇಗೆ? ಬೆಂಕಿಪೆಟ್ಟಿಗೆ ಮಗುಚಿ ತೋರಿಸಿ ಪಾರಾಗುವ ಪ್ರಶ್ನೆ ಇದಾಗಿರಲಿಲ್ಲ.

“ನಾನು ಗಾಡಿ ಕಟ್ಟೋನಲ್ಲ ಕಣೇ,” ಎಂದರು ಕೊನೆಗೆ. “ಇಂಜಿನಿಯರೂ ಅಲ್ಲ. ಕಿಟಕಿ ಹಿಂದೆ ಕೂತು ಸಾಮಾನು ಕೊಡೋನು. ಈ ಗಾಡಿಗೆ ನೆಲದ ಬೋಲ್ಟು ನನ್ನ ಕೈಯಿಂದ ಹೋಗಿಲ್ಲ. ಅಷ್ಟು ಮಾತ್ರ ಖಂಡಿತ ಗೊತ್ತು.”

ನೆಲ ಬೀಳುತ್ತದೆ ಎಂದಾಗ ಆಗಿದ್ದ ಆಘಾತ ಇದರ ಮುಂದೆ ಏನೂ ಅಲ್ಲ ಎಂದು ನೆರೆದವರಿಗೆ ಅನಿಸಿತು. ಬೀದಿಯಲ್ಲಿ ಒಬ್ಬ ಇಂಜಿನಿಯರ್ ಇದ್ದಾರೆಂದು ತಮ್ಮ ಮನೆಗಳ ಬಿರುಕು, ಸೋರಿಕೆಗಳ ಬಗ್ಗೆ ಅವರ ಸಲಹೆ ಪಡೆದವರು ಅಲ್ಲಿ ಹಲವರಿದ್ದರು. ಬೇಕರಿಯವರು ತಮ್ಮ ಅಂಗಡಿಯ ಹೊಸ ಅಟ್ಟವನ್ನು ನೆನೆಸಿಕೊಂಡು ಕಲ್ಲಿನ ಮೇಲೆ ಕೂತರು.

ಹೆಂಡತಿ, ಆಗಷ್ಟೇ ಇಳಿದು ಕೈಕಾಲು ಕೊಡವಿಕೊಳ್ಳುತ್ತಿದ್ದ ದೊಡ್ಡಮ್ಮನ ಕಡೆಗೆ ತಿರುಗಿ, ದಾರಿಯುದ್ದಕ್ಕೂ ನೀನು ಎಲ್ಲಿ ಕೂತಿದ್ದೆ ಎಂದು ಕೇಳಿದಳು. ನೆಲದ ಮೇಲೆ, ಮತ್ತೆಲ್ಲಿ, ಎಂದರು ದೊಡ್ಡಮ್ಮ. ಸದ್ದಾಯಿತಾ ಎಂದು ಕೇಳಿದಳು. ಇವರ ಕೂಗಾಟ ಬಿಟ್ಟರೆ ಬೇರೆ ಸದ್ದು ಕೇಳಲಿಲ್ಲ ಎಂದರು.

ಆಕೆ ಕುದುರೆಯ ಹಗ್ಗವನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಅಲ್ಲೇ ಮಣ್ಣಿನಲ್ಲಿ ಅಂಗಾತ ಮಲಗಿ, ಗಾಡಿಯ ಅಡಿಗೆ ತೆವಳಿ ಹೋಗಿಬಿಟ್ಟಳು. ಅಣ್ಣ ಏಳು ಎಂದರು, ಬಟ್ಟೆ ಹಾಳಾಗುತ್ತದೆ ಎಂದರು, ಜನ ನೋಡುತ್ತಿದ್ದಾರೆ ಎಂದರು. ಗಾಡಿಯ ಕೆಳಗಿನಿಂದ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಸ್ವಲ್ಪ ಮುಂದೆ ಸರಿಯುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಸರಿಯುತ್ತಿದ್ದವು. ಒಳಗಿದ್ದ ಇಂಜಿನಿಯರರಿಗೆ ತಮ್ಮ ಕೆಳಗೆ ನೆಲವನ್ನು ಗೆಣ್ಣಿನಿಂದ ತಟ್ಟುವ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುವುದು ಕೇಳಿಸಿತು. ಅವರು ದೇವರಿಗೆ ಮೊರೆಯಿಟ್ಟರು. ಬೋಲ್ಟು ಸಿಗಲಿ ಎಂದು ಬೇಡುವುದೋ, ಹೆಂಡತಿ ಬೇಗ ಹೊರಗೆ ಬರಲಿ ಎಂದು ಬೇಡುವುದೋ ತಿಳಿಯದೆ ಎರಡನ್ನೂ ಬೇಡಿಕೊಂಡರು.

ಆಕೆ ಹೊರಗೆ ಬಂದಾಗ ಕೆನ್ನೆಗೆ ಗ್ರೀಸು, ತಲೆಗೆ ಮಣ್ಣು.

“ಮೇಲಿಂದ ಬೋಲ್ಟು ಹೊಡೆಯೋದು ಮರದ ಹಲಗೆಗೆ ಅಣ್ಣ, ಅಪ್ಪನ ಗಾಡೀಲಿ ಇದ್ದ ಹಾಗೆ. ಇದು ಮರ ಅಲ್ಲ. ಅಡಿಯಿಂದ ಒಂದೊಂದು ಪಟ್ಟಿಯನ್ನೂ ಒಂದೊಂದು ತೊಲೆಗೂ ಬೆಸೆದಿದಾರೆ. ತೊಲೆಗಳು ಅಂಗೈ ಅಂಗೈ ಅಂತರದಲ್ಲಿ ಇವೆ. ಪೂರ್ತಿ ಕೈಯಾಡಿಸಿ ಬಂದೆ.” ಉಸಿರು ತೆಗೆದುಕೊಂಡಳು. “ಅವತ್ತು ಆ ಬಾಡಿಗೆ ಗಾಡಿ ಅಡಿ ಯಾರೂ ಬಗ್ಗಿ ನೋಡಲಿಲ್ಲ. ಇವತ್ತು ನಾನು ನೋಡಿದೀನಿ.”

ಡ್ರಿಲ್ ಮಾಸ್ತರರಿಗೆ ಬಗ್ಗುವ ಅಭ್ಯಾಸ ತಪ್ಪಿತ್ತು. ಆದರೂ ಬಗ್ಗಿದರು. ನೋಡಿದರು. ಎದ್ದು ನಿಂತು, ಕೊರಳಿನ ಸೀಟಿಯನ್ನು ಸುಮ್ಮನೆ ಒಮ್ಮೆ ಮುಟ್ಟಿಕೊಂಡರು.

ಆದರೆ ಇದೆಲ್ಲವನ್ನೂ ಮುದುಕಿಗೆ ತಿಳಿಸಿ ಹೇಳುವವರು ಯಾರು? ಹಲಗೆಯ ಬುಡಕ್ಕೆ ತಂದು ನಿಲ್ಲಿಸಿದರೆ ಅದು ಕಿವಿ ಹಿಂದಕ್ಕೆ ಹಾಕಿ ಮೂರೂ ಕಾಲನ್ನು ನೆಲಕ್ಕೆ ನಾಟಿತು. ಹೆಂಡತಿ ಪುಸಲಾಯಿಸಿದಳು. ಹುಲ್ಲು ತೋರಿಸಿದಳು. ಡ್ರಿಲ್ ಮಾಸ್ತರರು ಹಿಂದಿನಿಂದ ಹುರಿದುಂಬಿಸಿದರು. ಮುದುಕಿ ಕದಲಲಿಲ್ಲ. ಡಾಕ್ಟರು ನೆರಳು ಎತ್ತ ಸರಿದಿದೆ ಎಂದು ನೋಡಿದರು; ಆಸ್ಪತ್ರೆಯವರು ಎಷ್ಟು ಹೊತ್ತು ಕಾಯುತ್ತಾರೋ ಹೇಳಲಾಗದು ಎಂದರು.

ಆಗ ಇಂಜಿನಿಯರರು ಉಬ್ಬಿನಿಂದ ಇಳಿಯಲು ಹೊರಟರು. ಹೆಂಡತಿ ಕಣ್ಣಾರೆ ಕಂಡು ಬಂದು ಹೇಳಿದ್ದನ್ನು ಅವರ ಬುದ್ಧಿ ನಂಬಿತ್ತು. ಕಾಲು ಇನ್ನೂ ನಂಬಿರಲಿಲ್ಲ. ಒಂದು ಪಾದವನ್ನು ಕೆಳಗೆ ಬಿಟ್ಟು ಹೆಬ್ಬೆರಳಿನಿಂದ ನೆಲವನ್ನು ಮುಟ್ಟಿ ನೋಡಿದರು. ತೆಗೆದರು. ಮತ್ತೆ ಮುಟ್ಟಿದರು. ಅಂಗಾಲು ಊರಿದರು, ತಡೆದು ನಿಂತರು, ಕಿವಿಗೊಟ್ಟು ಕೇಳಿದರು. ಆಮೇಲೆ ಇನ್ನೊಂದು ಕಾಲನ್ನೂ ಹಾಗೆಯೇ. ಕೊನೆಗೆ ಕುದುರೆ ನಿಲ್ಲುವ ಜಾಗದಲ್ಲಿ ಎರಡೂ ಕಾಲ ಮೇಲೆ, ಮೈಯೆಲ್ಲ ನಡುಗುತ್ತ, ಉಸಿರು ಬಿಗಿಹಿಡಿದು ನಿಂತರು.

ಈ ಇಡೀ ವ್ಯವಹಾರವನ್ನು ಮುದುಕಿ ಬಹಳ ಗಮನವಿಟ್ಟು ನೋಡಿತು. ಇಷ್ಟು ವರ್ಷ ಎಲ್ಲರೂ ಅದಕ್ಕೆ ಧೈರ್ಯ ಹೇಳುವವರೇ ಆಗಿದ್ದರು. ನೆಲವನ್ನು ಕಂಡರೆ ತನ್ನಷ್ಟೇ ಹೆದರುವ ಇನ್ನೊಂದು ಪ್ರಾಣಿಯನ್ನು ಅದು ಕಂಡದ್ದು ಇದೇ ಮೊದಲಿರಬೇಕು. ಕಿವಿ ಮುಂದಕ್ಕೆ ಬಂತು. ಮುಂಗಾಲಿನ ಗೊರಸಿನ ತುದಿಯಿಂದ ಹಲಗೆಯನ್ನು ಮುಟ್ಟಿತು. ತೆಗೆಯಿತು. ಮತ್ತೆ ಮುಟ್ಟಿತು. ಹಗ್ಗವನ್ನು ಯಾರೂ ಎಳೆಯಲಿಲ್ಲ. ಹಿತ್ತಿಲಿನಲ್ಲಿ ಯಾರೂ ಸೀನಲೂ ಇಲ್ಲ. ಕುಂಟುತ್ತ, ಏದುಸಿರು ಬಿಡುತ್ತ, ಒಂದೊಂದೇ ಹೆಜ್ಜೆಯಾಗಿ ಅದು ಹಲಗೆ ಹತ್ತಿ ಒಳಗೆ ಹೋಗಿ, ಇಂಜಿನಿಯರರ ಎದೆಗೆ ಹಣೆಯನ್ನು ಒತ್ತಿ ನಿಂತುಬಿಟ್ಟಿತು.

“ರೀ,” ಎಂದಳು ಹೆಂಡತಿ ಮೆಲ್ಲಗೆ. “ಅದು ನಿಮ್ಮನ್ನ ನೋಡಿ ಹತ್ತಿದೆ. ನೀವು ಇಳೀಬೇಡಿ.”

ಅವಳ ಕೆನ್ನೆಯ ಗ್ರೀಸಿನ ಮೇಲೆ ಕಣ್ಣೀರು ಇಳಿಯುತ್ತಿರುವುದನ್ನು ನೋಡಿ ಅವರು ಮುದುಕಿಯ ಕೊರಳನ್ನು ತಬ್ಬಿ ಅಲ್ಲೇ ನಿಂತರು.

ಬಾಗಿಲು ಹಾಕಿದರು. ಡ್ರಿಲ್ ಮಾಸ್ತರರು ಯಾರೂ ಹೇಳದೆಯೇ ಡಾಕ್ಟರ ಚೀಲವನ್ನು ಎತ್ತಿಕೊಂಡು ಹೋಗಿ ಲಾರಿಯ ಮುಂದುಗಡೆ ಇಟ್ಟು, ನೀವೂ ಜೊತೆಗೆ ಹೋಗಿಬನ್ನಿ ಡಾಕ್ಟ್ರೇ, ದಾರಿಯಲ್ಲಿ ನೋಡಿಕೊಳ್ಳಿ ಎಂದರು. ಹೆಂಡತಿ ಡಾಕ್ಟರ ಪಕ್ಕದಲ್ಲಿ ಹತ್ತಿ ಕೂತಳು. ಚಾಲಕ ಈ ಸಲ ತಾನಾಗಿಯೇ ಇಳಿದು ಬಂದು, ಕಿಂಡಿಯಲ್ಲಿ ಇಣುಕಿ, ಒಳಗೆ ಏನೇನಿದೆ ಎಂದು ಸರಿಯಾಗಿ ನೋಡಿಕೊಂಡು ಹೊರಟ.

ಬರಿಗಾಲಿನ ನೆಂಟರು, ನೆರೆಯವರು ಗೇಟಿನ ತನಕ ಗಾಡಿಯ ಹಿಂದೆಯೇ ನಡೆದರು. ಎಲ್ಲರೂ ತಲೆ ಒಂದು ಕಡೆಗೆ ವಾಲಿಸಿ ನೆಲದ ಸದ್ದಿಗಾಗಿ ಕಿವಿಗೊಟ್ಟಿದ್ದರು. ನೆಲ ಏನೂ ಹೇಳಲಿಲ್ಲ. ಗಾಳಿಕಿಂಡಿಯಲ್ಲಿ ಎರಡು ಮುಖಗಳು ಒಂದಕ್ಕೊಂದು ಒತ್ತಿಕೊಂಡು ಕಾಣುತ್ತಿದ್ದವು. ಒಂದರ ಕಣ್ಣು ಅಗಲವಾಗಿ ತೆರೆದು, ಬಾಯಿ ಅರ್ಧ ಬಿಟ್ಟು, ದಿಗ್ಭ್ರಮೆಯಲ್ಲಿ ಹಾಗೇ ನಿಂತಿತ್ತು. ಕುದುರೆ ಮಾತ್ರ ಆರಾಮವಾಗಿ ಕಣ್ಣು ಮುಚ್ಚಿಕೊಂಡಿತ್ತು.